ಚಳಿಜ್ವರ ಹೋದರೂ ಉಳಿದ ಜೀನ್

ಎಲ್ಲರಿಗೂ ನಮಸ್ಕಾರ. ಭಾನುವಾರದ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ. ಪಿಯು ಓದುವ ಮಕ್ಕಳಿದ್ದಾರೆ, ಅವರ ತಾಯಿ ತಂದೆ ಇದ್ದಾರೆ, ಹಳ್ಳಿಗಳಿಂದ ಬಂದ ಆಶಾ ಕಾರ್ಯಕರ್ತೆಯರಿದ್ದಾರೆ. ಬಹಳ ಖುಷಿಯಾಯಿತು.

ಇವತ್ತಿನ ವಿಷಯ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡಗೋಲು ಕಣ ರಕ್ತಹೀನತೆ. ಅದರ ಜೊತೆಗೆ ಮಲೇರಿಯಾ, ಅಂದರೆ ಚಳಿಜ್ವರ. ಎರಡೂ ದ್ವಿತೀಯ ಪಿಯು ಜೀವಶಾಸ್ತ್ರ ಪುಸ್ತಕದಲ್ಲಿವೆ. ಆದರೆ ಬೇರೆ ಬೇರೆ ಪಾಠದಲ್ಲಿವೆ. ಒಂದು ಅನುವಂಶೀಯತೆಯ ಪಾಠದಲ್ಲಿ, ಇನ್ನೊಂದು ಆರೋಗ್ಯ ಮತ್ತು ರೋಗಗಳ ಪಾಠದಲ್ಲಿ. ಎರಡನ್ನೂ ಓದಿ, ಎರಡಕ್ಕೂ ಅಂಕ ತೆಗೆದು, ಅವುಗಳ ನಡುವಿನ ನಂಟು ಗೊತ್ತಾಗದೆಯೇ ಮಕ್ಕಳು ಕಾಲೇಜು ದಾಟಿ ಹೋಗುತ್ತಾರೆ. ಜೀವಶಾಸ್ತ್ರ ಹೇಳಿಕೊಡುವ ನನಗೆ ಇದು ಸಂಕಟದ ವಿಷಯ. ಆ ನಂಟು ತಿಳಿದರೆ ಸಿಕಲ್ ಸೆಲ್ ಜೀನ್ ಹೊತ್ತ ಮನೆತನವನ್ನು ನಾವು ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯ ಮಾತು. ಮಲೆನಾಡಿನ ಅಂಚಿನ ಕಲಘಟಗಿ, ಹಾನಗಲ್ ಕಡೆಯ ಹಿರಿಯರನ್ನು ಕೇಳಿ ನೋಡಿ. ಅಲ್ಲಿಂದ ಮುಂದೆ ಮುಂಡಗೋಡ, ಯಲ್ಲಾಪುರ, ಹಳಿಯಾಳ, ಸೂಪಾ. ಆ ಕಡೆ ಹೆಣ್ಣು ಕೊಡಲು, ಕೆಲಸಕ್ಕೆ ಹೋಗಲು ಜನ ಹಿಂಜರಿಯುತ್ತಿದ್ದ ಕಾಲವಿತ್ತು. ಕಾರಣ ಚಳಿಜ್ವರ. ಮಳೆಗಾಲ ಮುಗಿದು ಹಳ್ಳ, ಝರಿಗಳ ನೀರು ತಿಳಿಯಾದಾಗ ಅವುಗಳ ಅಂಚಿನಲ್ಲಿ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಬೆಳೆಯುತ್ತದೆ. ಮಲೇರಿಯಾ ಹರಡುವುದರಲ್ಲಿ ಅದು ಬಹಳ ಚುರುಕು.

1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಅವರ ತಂಡ ಧಾರವಾಡ ಮತ್ತು ಕೆನರಾ (ಈಗಿನ ಉತ್ತರ ಕನ್ನಡ) ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಹೊಡೆಸಲು ಶುರು ಮಾಡಿತು. ಆಗ ನಾವು ಮುಂಬೈ ಪ್ರಾಂತದವರು. ಈಗಿನ ಗದಗ, ಹಾವೇರಿ ಎಲ್ಲ ಆಗ ಧಾರವಾಡ ಜಿಲ್ಲೆಯೇ. ರಕ್ತ ಕುಡಿದ ಸೊಳ್ಳೆ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಗೋಡೆಯಲ್ಲಿ ಔಷಧಿ ಇದ್ದರೆ ಅಲ್ಲೇ ಸಾಯುತ್ತದೆ. ಲೆಕ್ಕ ಇಷ್ಟೇ. ಜ್ವರ ಇಳಿಯಿತು. ದೇಶದಲ್ಲಿ ಇಷ್ಟು ದೊಡ್ಡದಾಗಿ ನಡೆದ ಮೊದಲ ಡಿಡಿಟಿ ಪ್ರಯೋಗಗಳಲ್ಲಿ ಇದೂ ಒಂದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಾಗ ಇಂಥ ಕೆಲಸದ ಅನುಭವವೇ ಅದಕ್ಕೆ ಬುನಾದಿಯಾಯಿತು. ಇದು ನಮ್ಮ ಜಿಲ್ಲೆಯ ಇತಿಹಾಸ. ಕೋಟೆ, ಅರಮನೆಗಳ ಇತಿಹಾಸದಷ್ಟೇ ಹೆಮ್ಮೆಯಿಂದ ಇದನ್ನೂ ಶಾಲೆಯಲ್ಲಿ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಡಿಡಿಟಿಗೆ ಮೊದಲು ಸಾವಿರಾರು ವರ್ಷ ಮಲೇರಿಯಾ ಇತ್ತಲ್ವಾ? ಆಗ ಜನ ಹೇಗೆ ಉಳಿದರು? ಬಹಳ ಮಕ್ಕಳು ಸತ್ತರು. ಕೆಲವರು ಉಳಿದರು. ಉಳಿದವರಲ್ಲಿ ಕೆಲವರು ಉಳಿದದ್ದು ಅವರ ರಕ್ತದಲ್ಲಿದ್ದ ಒಂದು ಸಣ್ಣ ವ್ಯತ್ಯಾಸದಿಂದ. ಆ ವ್ಯತ್ಯಾಸ ಯಾವುದು ಎಂದು ಈಗ ನೋಡೋಣ.

ನಮ್ಮ ಒಂದೊಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಆಮ್ಲಜನಕ ಹೊರುವುದು ಅದರ ಕೆಲಸ. ಒಂದು ಅಣುವಿನಲ್ಲಿ ನಾಲ್ಕು ಸರಪಳಿ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಸಾಲಾಗಿ ನಿಂತಿವೆ. ಅದನ್ನು ಹೇಗೆ ಕಟ್ಟಬೇಕು ಎಂಬ ಸೂಚನೆ 11ನೇ ವರ್ಣತಂತುವಿನ ಮೇಲಿದೆ. ಇಂಥ ಸೂಚನೆಯನ್ನೇ ಜೀನ್ ಎನ್ನುವುದು. ಆ ಸೂಚನೆಯಲ್ಲಿ ಒಂದೇ ಒಂದು ಅಕ್ಷರ, ‘ಎ’ ಇರಬೇಕಾದಲ್ಲಿ ‘ಟಿ’, ಬದಲಾದರೆ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಕೂರಬೇಕಾದ ಕಡೆ ವ್ಯಾಲಿನ್ ಬಂದು ಕೂರುತ್ತದೆ. ಉಳಿದ 145 ಸರಿಯಾಗಿಯೇ ಇರುತ್ತವೆ.

ಒಂದು ಬದಲಾದರೆ ಏನಾಯಿತು? ಗ್ಲುಟಾಮಿಕ್ ಆಮ್ಲ ನೀರಿನ ಜೊತೆ ಹೊಂದಿಕೊಳ್ಳುತ್ತದೆ. ವ್ಯಾಲಿನ್‌ಗೆ ನೀರು ಆಗಿಬರುವುದಿಲ್ಲ. ಅದು ಪಕ್ಕದ ಹಿಮೋಗ್ಲೋಬಿನ್ ಅಣುವಿನಲ್ಲಿ ಒಂದು ಗುಳಿ ಹುಡುಕಿ ಅಲ್ಲಿ ಅಂಟಿಕೊಳ್ಳುತ್ತದೆ. ಆ ಗುಳಿ ತೆರೆದುಕೊಳ್ಳುವುದು ಅಣು ತನ್ನ ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಮಾತ್ರ. ಆಗ ಒಂದಕ್ಕೊಂದು, ಒಂದಕ್ಕೊಂದು ಅಂಟಿ ಉದ್ದನೆಯ ಗಟ್ಟಿ ಎಳೆಗಳಾಗುತ್ತವೆ. ಮೆತ್ತಗೆ, ದುಂಡಗೆ ಇದ್ದ ಕಣ ಸೆಟೆದು ಕುಡಗೋಲಿನ ಹಾಗೆ ಬಾಗುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನ ಇಕ್ಕಟ್ಟಿನ ಸಂದಿಯಲ್ಲಿ ಒಂದು ಕೈಗಾಡಿ ಅಡ್ಡ ನಿಂತರೆ ಹಿಂದೆ ಹೇಗೆ ಜನ ಸಿಕ್ಕಿಕೊಳ್ಳುತ್ತಾರೋ, ಸಣ್ಣ ರಕ್ತನಾಳಗಳಲ್ಲಿ ಹಾಗೇ ಆಗುತ್ತದೆ. ಮುಂದಿನ ಭಾಗಕ್ಕೆ ರಕ್ತವಿಲ್ಲ. ನೋವು ಶುರು. ಮೂಳೆ, ಎದೆ, ಹೊಟ್ಟೆ, ಎಲ್ಲಿ ಬೇಕಾದರೂ. ಆ ನೋವು ಕಂಡವರಿಗೇ ಗೊತ್ತು. ಕೂಸುಗಳಲ್ಲಿ ಅಂಗೈ, ಅಂಗಾಲು ಬಾತುಕೊಳ್ಳುತ್ತವೆ. ಸಾಮಾನ್ಯ ಕಣ ಸುಮಾರು 120 ದಿನ ಬದುಕುತ್ತದೆ. ಕುಡಗೋಲು ಕಣ 10ರಿಂದ 20 ದಿನ. ಅದಕ್ಕೇ ರಕ್ತಹೀನತೆ, ಅದಕ್ಕೇ ಕಣ್ಣು ಹಳದಿ. ರಕ್ತ ಸೋಸುವ ಅಂಗವಾದ ಗುಲ್ಮ ಹಾಳಾಗುತ್ತಾ ಹೋಗುತ್ತದೆ, ಆಮೇಲೆ ನ್ಯುಮೋನಿಯಾದಂಥ ಸೋಂಕು ಬಂದರೆ ಮಗುವನ್ನು ಉಳಿಸಿಕೊಳ್ಳುವುದೇ ಕಷ್ಟ.

ಇದನ್ನು ಆಧುನಿಕ ವೈದ್ಯವಿಜ್ಞಾನ ಮೊದಲು ಗುರುತಿಸಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ. ಗ್ರೆನಡಾ ಎಂಬ ಪುಟ್ಟ ದ್ವೀಪದಿಂದ ದಂತವೈದ್ಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯಲ್ ಎಂಬ ಹುಡುಗ 1904ರಲ್ಲಿ ಆಸ್ಪತ್ರೆ ಸೇರಿದ. ಅಲ್ಲಿ ತರಬೇತಿಯಲ್ಲಿದ್ದ ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ ಆತನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿಚಿತ್ರ ಆಕಾರದ ಕಣಗಳನ್ನು ಕಂಡ. 1910ರಲ್ಲಿ ಅವನ ಹಿರಿಯ ವೈದ್ಯ ಜೇಮ್ಸ್ ಹೆರಿಕ್ ಅದನ್ನು ಪ್ರಕಟಿಸಿದರು. ನೋಯಲ್ ಓದು ಮುಗಿಸಿ ಊರಿಗೆ ಹೋಗಿ ದಂತವೈದ್ಯನಾಗಿ ಕೆಲಸ ಮಾಡಿದ. 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಅವನ ಹೆಸರು ಪುಸ್ತಕಗಳಲ್ಲಿ ಕಾಣುವುದು ಕಡಿಮೆ, ವೈದ್ಯರ ಹೆಸರೇ ಜಾಸ್ತಿ. ಅದಕ್ಕೇ ಇಲ್ಲಿ ಹೇಳಿದೆ.

ಮುಂದಿನ ದೊಡ್ಡ ವರ್ಷ 1949. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ವರ್ಷವೂ ಅದೇ. ಆ ವರ್ಷ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುತ್ತದೆ ಎಂದು ತೋರಿಸಿದರು. ರೋಗದ ಬೇರು ಒಂದು ಅಣುವಿನಲ್ಲಿದೆ ಎಂದು ಹೀಗೆ ಖಚಿತವಾಗಿ ತೋರಿಸಿದ್ದು ಅದೇ ಮೊದಲು. ಅದೇ ವರ್ಷ ಜೇಮ್ಸ್ ನೀಲ್ ಇದರ ಅನುವಂಶೀಯ ಲೆಕ್ಕ ಬಿಡಿಸಿದರು. ಕೇಂಬ್ರಿಡ್ಜ್‌ನಲ್ಲಿ ವರ್ನನ್ ಇಂಗ್ರಾಮ್ ಬದಲಾದದ್ದು ಒಂದೇ ಅಮೈನೋ ಆಮ್ಲ ಎಂದು 1956, 57ರಲ್ಲಿ ಕಂಡುಹಿಡಿದರು.

ನೀಲ್ ಬಿಡಿಸಿದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮನೆಗಳಲ್ಲಿ ಜಗಳ ಆಗುವುದು ಇದು ಅರ್ಥವಾಗದೆ ಹೋಗುವುದರಿಂದಲೇ.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡೂ ಸರಿಯಿದ್ದರೆ ಮಾತೇ ಇಲ್ಲ. ಒಂದು ಸರಿ, ಒಂದು ಬದಲಾದದ್ದು ಇದ್ದರೆ ಅಂಥವರನ್ನು ವಾಹಕರು ಎನ್ನುತ್ತೇವೆ. ವಾಹಕರಿಗೆ ರೋಗವಿಲ್ಲ. ಹೊಲದಲ್ಲಿ ದುಡಿಯುತ್ತಾರೆ, ಹೆರುತ್ತಾರೆ, ಎಂಬತ್ತು ವರ್ಷ ಬದುಕುತ್ತಾರೆ. ತಮ್ಮಲ್ಲಿ ಇದು ಇದೆ ಎಂದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಅವರ ಕಣಗಳಲ್ಲಿ ಬದಲಾದ ಹಿಮೋಗ್ಲೋಬಿನ್ ನೂರಕ್ಕೆ ಸುಮಾರು 40ರಷ್ಟು ಇರುತ್ತದೆ. ಉಳಿದದ್ದು ಸಾಮಾನ್ಯ. ಆ ಸಾಮಾನ್ಯ ಹಿಮೋಗ್ಲೋಬಿನ್ ನಡುವೆ ಇರುವುದರಿಂದ ಉದ್ದನೆಯ ಎಳೆ ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ. ಎರಡೂ ಪ್ರತಿ ಬದಲಾಗಿದ್ದರೆ ಮಾತ್ರ ಸಿಕಲ್ ಸೆಲ್ ಅನೀಮಿಯಾ.

ಅಂದರೆ ಮಗುವಿಗೆ ಈ ರೋಗ ಬರಬೇಕಾದರೆ ಆ ಜೀನ್ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ‘ಸೊಸೆ ಕಡೆಯಿಂದ ಬಂದ ರೋಗ’ ಎಂದು ಹೇಳುವ ಅತ್ತೆಯರಿದ್ದಾರೆ. ಅವರಿಗೆ ಇದನ್ನು ತಿಳಿಸಿ ಹೇಳಿ. ತಂದೆಯ ಪಾಲಿಲ್ಲದೆ ಈ ರೋಗ ಬರಲು ಸಾಧ್ಯವೇ ಇಲ್ಲ. ಒಬ್ಬ ತಾಯಿ ಆ ಮಾತು ಕೇಳಿಕೊಂಡು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಅಲೆಯುವುದು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನೂರಕ್ಕೆ 25, ವಾಹಕ ಆಗುವ ಸಾಧ್ಯತೆ 50, ಏನೂ ಇಲ್ಲದಿರುವ ಸಾಧ್ಯತೆ 25. ‘ನಾಲ್ಕರಲ್ಲಿ ಒಂದಕ್ಕೆ ತಾನೇ, ಮೊದಲನೆಯದಕ್ಕೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರಲ್ಲಿ ಹಿಮೋಗ್ಲೋಬಿನ್ನಿನ ಯಾವ ದೋಷವೂ ಇಲ್ಲದಿದ್ದರೆ ಮಗುವಿಗೆ ರೋಗ ಬರುವುದಿಲ್ಲ. ‘ಯಾವ ದೋಷವೂ’ ಎಂದದ್ದಕ್ಕೆ ಕಾರಣವಿದೆ. ಒಬ್ಬರಲ್ಲಿ ಸಿಕಲ್ ಜೀನ್, ಇನ್ನೊಬ್ಬರಲ್ಲಿ ಬೀಟಾ ಥಲಸ್ಸೀಮಿಯಾ (ಬೀಟಾ ಸರಪಳಿ ಸಾಕಷ್ಟು ತಯಾರಾಗದ ರೋಗ) ಜೀನ್ ಇದ್ದರೂ ಮಗುವಿಗೆ ಕುಡಗೋಲು ಕಣದ ರೋಗ ಬರಬಹುದು.

ಈಗ ಒಗಟಿಗೆ ಬರೋಣ. ಎರಡು ಪ್ರತಿ ಬಂದ ಮಕ್ಕಳು ಹಿಂದಿನ ಕಾಲದಲ್ಲಿ ದೊಡ್ಡವರಾಗುವ ಮೊದಲೇ ಸಾಯುತ್ತಿದ್ದರು. ಪ್ರತಿ ಮಗುವಿನ ಜೊತೆ ಆ ಜೀನಿನ ಎರಡೆರಡು ಪ್ರತಿ ಮಣ್ಣಾಗುತ್ತಿದ್ದವು. ಹಾಗಾದರೆ ಇಷ್ಟು ಹೊತ್ತಿಗೆ ಆ ಜೀನ್ ಹೆಚ್ಚುಕಡಿಮೆ ಇಲ್ಲವಾಗಬೇಕಿತ್ತು. ಆದರೆ ಆಫ್ರಿಕಾದ ಕೆಲವು ಕಡೆ ಐವರಲ್ಲಿ ಒಬ್ಬರು ವಾಹಕರು. ಯಾಕೆ?

ಬ್ರಿಟಿಷ್ ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಇದೇ ಥರದ ಪ್ರಶ್ನೆಯನ್ನು ಥಲಸ್ಸೀಮಿಯಾ ಬಗ್ಗೆ ಕೇಳಿಕೊಂಡರು. ವಾಹಕರ ರಕ್ತಕಣಗಳು ಮಲೇರಿಯಾವನ್ನು ತಡೆಯುತ್ತಿರಬಹುದೇ ಎಂದು ಅವರು ಊಹಿಸಿದರು. ಅದು ಅಚ್ಚಾದದ್ದೂ 1949ರಲ್ಲೇ. ಹಾಲ್ಡೇನ್ ನಮ್ಮವರೂ ಹೌದು. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದರು, ಇಲ್ಲಿಯ ನಾಗರಿಕರಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಸಿಕಲ್ ಸೆಲ್ ಬಗ್ಗೆ ಪುರಾವೆ ತಂದವರು ಆಂಥೊನಿ ಆಲಿಸನ್. ಕೀನ್ಯಾದಲ್ಲಿ ಬೆಳೆದವರು, ಆಕ್ಸ್‌ಫರ್ಡ್‌ನಲ್ಲಿ ವೈದ್ಯ ಓದುತ್ತಿದ್ದರು. 1949ರಲ್ಲಿ ಒಂದು ಅಧ್ಯಯನ ತಂಡದ ಜೊತೆ ಕೀನ್ಯಾಕ್ಕೆ ಹೋಗಿ ಬೇರೆ ಬೇರೆ ಬುಡಕಟ್ಟುಗಳ ರಕ್ತ ಪರೀಕ್ಷಿಸಿದರು. ವಿಕ್ಟೋರಿಯಾ ಸರೋವರದ ಸುತ್ತ ಮತ್ತು ಸಮುದ್ರದ ದಂಡೆಯಲ್ಲಿ ವಾಹಕರು ನೂರಕ್ಕೆ 20ಕ್ಕಿಂತ ಜಾಸ್ತಿ. ನಡುವಿನ ತಂಪಾದ ಎತ್ತರದ ನಾಡಿನಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಭಾಷೆ, ಕುಲ ನೋಡಿದರೆ ಈ ವ್ಯತ್ಯಾಸಕ್ಕೆ ಅರ್ಥ ಸಿಗಲಿಲ್ಲ. ಸೊಳ್ಳೆ ಎಲ್ಲಿದೆ ಎಂದು ನೋಡಿದರೆ ಸಿಕ್ಕಿತು.

ಓದು ಮುಗಿಸಿ 1953ರಲ್ಲಿ ಮತ್ತೆ ಹೋದರು. ಉಗಾಂಡಾದಲ್ಲಿ ಮಕ್ಕಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿ, ಅಂದರೆ ಆ ಜ್ವರ ತರುವ ಸೂಕ್ಷ್ಮಜೀವಿ, ಇದೆಯೇ ಎಂದು ಎಣಿಸಿದರು. ಸಿಕಲ್ ಜೀನ್ ಇಲ್ಲದ 247 ಮಕ್ಕಳಲ್ಲಿ 113 ಮಕ್ಕಳ ರಕ್ತದಲ್ಲಿ ಪರಾವಲಂಬಿ ಇತ್ತು. ಜೀನ್ ಇದ್ದ 43 ಮಕ್ಕಳಲ್ಲಿ 12ರಲ್ಲಿ ಮಾತ್ರ. ಅಂದರೆ ನೂರಕ್ಕೆ 46ರ ಎದುರು 28. ಸ್ವಇಚ್ಛೆಯಿಂದ ಬಂದ ದೊಡ್ಡವರಿಗೆ ಮಲೇರಿಯಾ ಸೋಂಕು ಹತ್ತಿಸಿಯೂ ನೋಡಿದರು. ಜೀನ್ ಇಲ್ಲದ 15 ಜನರಲ್ಲಿ 14 ಜನರಿಗೆ ಸೋಂಕು ಹತ್ತಿತು, ಇದ್ದ 15ರಲ್ಲಿ ಇಬ್ಬರಿಗೆ ಮಾತ್ರ. ಅವರಿಗೆ ಆಮೇಲೆ ಚಿಕಿತ್ಸೆ ಕೊಟ್ಟರು. ಫಲಿತಾಂಶ ಎಷ್ಟೇ ಚೊಕ್ಕವಾಗಿದ್ದರೂ ವಸಾಹತು ಕಾಲದ ಬಡ ಜನರ ಮೇಲೆ ಇಂಥ ಪ್ರಯೋಗ ನನಗೆ ಒಪ್ಪಿಗೆಯಿಲ್ಲ. 1954ರಲ್ಲಿ ಆಲಿಸನ್ ಬರೆದ ಲೇಖನಗಳು ಹೊರಬಂದವು. ಮನುಷ್ಯರಲ್ಲಿ ನಿಸರ್ಗದ ಆಯ್ಕೆ ಕೆಲಸ ಮಾಡುವುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಅಲ್ಲಿಯವರೆಗೆ ಇರಲಿಲ್ಲ.

ಆಮೇಲಿನ ಅಧ್ಯಯನಗಳು ಇದನ್ನು ಇನ್ನೂ ಗಟ್ಟಿ ಮಾಡಿವೆ. ಮಲೇರಿಯಾ ಪರಾವಲಂಬಿಯಲ್ಲಿ ಹಲವು ಜಾತಿ. ನಮ್ಮಲ್ಲಿ ಮುಖ್ಯವಾಗಿ ವೈವಾಕ್ಸ್ ಮತ್ತು ಫಾಲ್ಸಿಪಾರಮ್. ಮೆದುಳಿಗೆ ಏರಿ ಜೀವ ತೆಗೆಯುವುದು ಹೆಚ್ಚಾಗಿ ಫಾಲ್ಸಿಪಾರಮ್. ಅದರ ತೀವ್ರ ರೂಪದಿಂದ ವಾಹಕ ಮಕ್ಕಳಿಗೆ ನೂರಕ್ಕೆ ಸುಮಾರು 90ರಷ್ಟು ರಕ್ಷಣೆ ಇದೆ. ಎಷ್ಟೋ ಲಸಿಕೆಗಳು ಇಷ್ಟು ಕೆಲಸ ಮಾಡುವುದಿಲ್ಲ. ವಾಹಕರಿಗೂ ಸೊಳ್ಳೆ ಕಚ್ಚುತ್ತದೆ, ಜ್ವರವೂ ಬರಬಹುದು. ಸಾವಿನ ಹತ್ತಿರ ಹೋಗುವುದು ಕಡಿಮೆ, ಅಷ್ಟೇ.

ಹೇಗೆ ತಡೆಯುತ್ತದೆ? ಒಂದೇ ದಾರಿಯಿಲ್ಲ, ಹಲವು ಸೇರಿವೆ. ಪರಾವಲಂಬಿ ಕೆಂಪು ಕಣದ ಒಳಗೆ ಹೊಕ್ಕು ಹಿಮೋಗ್ಲೋಬಿನ್ ತಿನ್ನುತ್ತದೆ, ಆಮ್ಲಜನಕ ಬಳಸುತ್ತದೆ, ಒಳಗೆ ಹುಳಿ ಹೆಚ್ಚಿಸುತ್ತದೆ. ವಾಹಕರ ಕಣ ಸುಮ್ನೆ ಇದ್ದಾಗ ಕುಡಗೋಲಾಗುವುದಿಲ್ಲ, ಆದರೆ ಈ ಕಾಟ ಶುರುವಾದಾಗ ಬಾಗುತ್ತದೆ. ಬಾಗಿದ ಕಣವನ್ನು ಗುಲ್ಮ ಹಿಡಿದು ನಾಶ ಮಾಡುತ್ತದೆ, ಒಳಗಿನ ಪರಾವಲಂಬಿಯ ಸಮೇತ. ಇನ್ನೊಂದು: ಫಾಲ್ಸಿಪಾರಮ್ ತಾನಿರುವ ಕಣದ ಮೇಲೆ ಅಂಟಿನಂಥ ಪ್ರೋಟೀನ್ ಕಳಿಸಿ, ಕಣ ರಕ್ತನಾಳದ ಗೋಡೆಗೆ ಹಿಡಿದು ನಿಲ್ಲುವಂತೆ ಮಾಡುತ್ತದೆ. ಗುಲ್ಮಕ್ಕೆ ಸಿಗದಂತೆ ತಪ್ಪಿಸಿಕೊಳ್ಳಲು ಅದರ ಉಪಾಯ ಇದು. ವಾಹಕರ ಕಣದಲ್ಲಿ ಆ ಪ್ರೋಟೀನ್ ಹೊರಗೆ ಸರಿಯಾಗಿ ಬಂದು ಕೂರುವುದಿಲ್ಲ. ಹಿಡಿತ ಸಡಿಲ. ಆಮ್ಲಜನಕ ಕಡಿಮೆ ಇರುವ ನಾಳಗಳಲ್ಲಿ ನಿಂತರೂ ಅಲ್ಲಿ ಎಳೆಗಳು ಕಟ್ಟಿಕೊಂಡು ಪರಾವಲಂಬಿಯ ಬೆಳವಣಿಗೆಯೇ ನಿಲ್ಲುತ್ತದೆ.

ಒಂದು ಎಚ್ಚರಿಕೆಯ ಮಾತು. ಈ ರಕ್ಷಣೆ ವಾಹಕರಿಗೆ. ರೋಗ ಇರುವವರಿಗೆ, ಅಂದರೆ ಎರಡೂ ಪ್ರತಿ ಬದಲಾದವರಿಗೆ, ಮಲೇರಿಯಾ ಬಹಳ ಅಪಾಯ. ‘ಸಿಕಲ್ ಸೆಲ್ ಇದ್ದರೆ ಮಲೇರಿಯಾ ಬರಲ್ಲ’ ಎಂದು ಅರ್ಧ ಕೇಳಿಸಿಕೊಂಡು ಹೋಗಬೇಡಿ. ರೋಗಿಗಳಿಗೆ ಸೊಳ್ಳೆಪರದೆ ಎಲ್ಲರಿಗಿಂತ ಮೊದಲು ಬೇಕು.

ಈಗ ಗಣಿತ ಇಷ್ಟಪಡುವ ಮಕ್ಕಳಿಗೆ. ಮಲೇರಿಯಾ ಇರುವ ಒಂದು ನಾಡು ಎಂದುಕೊಳ್ಳಿ, ಔಷಧಿ ಇಲ್ಲದ ಕಾಲ. 1,000 ಮಕ್ಕಳು ಹುಟ್ಟಿದರು. 827 ಮಕ್ಕಳಲ್ಲಿ ಸಿಕಲ್ ಜೀನ್ ಇಲ್ಲ, 165 ಮಕ್ಕಳು ವಾಹಕರು, 8 ಮಕ್ಕಳಿಗೆ ರೋಗ. ಒಟ್ಟು 2,000 ಪ್ರತಿಗಳಲ್ಲಿ ಸಿಕಲ್ ಜೀನ್ 181, ನೂರಕ್ಕೆ 9. ಮಲೇರಿಯಾ ಬಂದು ಜೀನ್ ಇಲ್ಲದವರಲ್ಲಿ ಹತ್ತಕ್ಕೊಬ್ಬರನ್ನು ಒಯ್ಯಿತು: 83 ಮಕ್ಕಳು. ರೋಗದಿಂದ ಆ 8 ಮಕ್ಕಳೂ ಹೋದರು. ಉಳಿದವರು 909. ಅವರ 1,818 ಪ್ರತಿಗಳಲ್ಲಿ ಸಿಕಲ್ ಜೀನ್ 165. ಮತ್ತೆ ನೂರಕ್ಕೆ 9! ಎರಡೂ ಕಡೆಯಿಂದ ಸಾವು ಎಳೆಯುತ್ತಿದೆ, ಜೀನ್ ಮಾತ್ರ ಇದ್ದಲ್ಲೇ ಇದೆ. ಅದು ಪೂರ್ತಿ ಹೋಗುವುದಿಲ್ಲ, ಪೂರ್ತಿ ಹರಡುವುದೂ ಇಲ್ಲ.

ಈಗ ಅದೇ ನಾಡಿನಿಂದ ಮಲೇರಿಯಾ ತೆಗೆದುಬಿಡಿ. ಜೀನಿಗೆ ಇನ್ನು ಯಾವ ಲಾಭವೂ ಇಲ್ಲ. ನೂರಕ್ಕೆ 9 ಇದ್ದದ್ದು ಅದರ ಅರ್ಧಕ್ಕೆ ಇಳಿಯಲು ಎಷ್ಟು ಕಾಲ ಬೇಕು? ಲೆಕ್ಕ ಹಾಕಿದರೆ 11 ತಲೆಮಾರು. ತಲೆಮಾರಿಗೆ 25 ವರ್ಷ ಹಿಡಿದರೆ 275 ವರ್ಷ. ಅದೂ ರೋಗವಿರುವ ಒಬ್ಬರೂ ದೊಡ್ಡವರಾಗಿ ಮಕ್ಕಳನ್ನು ಹೆರುವುದಿಲ್ಲ ಎಂದುಕೊಂಡರೆ. ಇವತ್ತಿನ ಚಿಕಿತ್ಸೆಯಿಂದ ಅವರು ಬದುಕುತ್ತಾರೆ, ಬದುಕಲೇಬೇಕು. ಹಾಗಾಗಿ ಇನ್ನೂ ನಿಧಾನ. 1946ರ ಡಿಡಿಟಿಯಿಂದ ಇಲ್ಲಿಯವರೆಗೆ ಆಗಿರುವುದು ಮೂರೇ ತಲೆಮಾರು. ಚಳಿಜ್ವರ ಬೇಗ ಇಳಿಯಿತು. ಅದರ ವಿರುದ್ಧ ರಕ್ತದಲ್ಲಿ ನಿಂತಿದ್ದ ಕಾವಲು ಇನ್ನೂ ನಿಂತೇ ಇದೆ, ಈಗ ಶತ್ರು ಬಹುಮಟ್ಟಿಗೆ ಇಲ್ಲದೆಯೂ.

ಭಾರತಕ್ಕೆ ಬರೋಣ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಜೀನ್ ಇರುವುದನ್ನು ವರದಿ ಮಾಡಿದರು. ಆಮೇಲೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದಲ್ಲಿ ಬಹಳ ಕಡೆ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಜೀನ್ ಎಂದ ಕೂಡಲೇ ನಮ್ಮ ಭಾಗದಲ್ಲಿ ಕೆಲವರು ಸಿದ್ದಿ ಜನರ ಕಡೆ ಬೆರಳು ತೋರಿಸುತ್ತಾರೆ, ಅವರ ಹಿರಿಯರು ಆಫ್ರಿಕಾದಿಂದ ಬಂದವರು ಎಂಬ ಕಾರಣಕ್ಕೆ. ಇದು ತಪ್ಪು, ನೋಯಿಸುವ ಮಾತು. ಭಾರತದ ಬುಡಕಟ್ಟುಗಳಲ್ಲಿ ಸಿಗುವ ಸಿಕಲ್ ಜೀನಿನ ಸುತ್ತಲಿನ ಡಿಎನ್‌ಎ ಗುರುತುಗಳು ಆಫ್ರಿಕಾದ ಸಾಮಾನ್ಯ ಗುರುತುಗಳಿಗಿಂತ ಬೇರೆ. ಅದಕ್ಕೆ ಅರಬ್-ಭಾರತೀಯ ಮಾದರಿ ಎಂದೇ ಹೆಸರು. ಪೂರ್ವ ಅರೇಬಿಯಾದಲ್ಲೂ ಅದೇ ಸಿಗುತ್ತದೆ. ಈ ಮಾದರಿ ಇರುವ ರೋಗಿಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹುಟ್ಟಿದ ಮೇಲೂ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಅದು ಎಳೆ ಕಟ್ಟುವುದನ್ನು ತಡೆಯುತ್ತದೆ. ಕೆಲವರಲ್ಲಿ ರೋಗ ಸೌಮ್ಯವಾಗಿರುವುದಕ್ಕೆ ಇದೂ ಕಾರಣ. ಹಾಗೆಂದು ಎಲ್ಲರಲ್ಲೂ ಸೌಮ್ಯ ಎಂದು ತಿಳಿಯಬೇಡಿ. ಕೂಸಿಗೆ ಆರು ತಿಂಗಳಾಗುವವರೆಗೆ ರೋಗದ ಲಕ್ಷಣ ಹೆಚ್ಚಾಗಿ ಕಾಣದಿರುವುದಕ್ಕೂ ಈ ಭ್ರೂಣದ ಹಿಮೋಗ್ಲೋಬಿನ್ನೇ ಕಾರಣ.

ಮಲೇರಿಯಾ ಒತ್ತಡ ಹಾಕಿದ ಕಡೆಯೆಲ್ಲ ರಕ್ತ ಒಂದಲ್ಲ ಒಂದು ಉಪಾಯ ಕಂಡುಕೊಂಡಿದೆ. ಈಶಾನ್ಯ ಭಾರತದಲ್ಲಿ ಹಿಮೋಗ್ಲೋಬಿನ್ ಇ, ಪಶ್ಚಿಮ ಆಫ್ರಿಕಾದಲ್ಲಿ ಹಿಮೋಗ್ಲೋಬಿನ್ ಸಿ, ಹಲವು ದೇಶಗಳಲ್ಲಿ ಥಲಸ್ಸೀಮಿಯಾ ಮತ್ತು ರಕ್ತಕಣದ ಜಿ6ಪಿಡಿ ಎಂಬ ಕಿಣ್ವದ ಕೊರತೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ರಕ್ತ ಹಾಕಿಸಿಕೊಳ್ಳಲು ಕೂತಿರುವ ಥಲಸ್ಸೀಮಿಯಾ ಮಕ್ಕಳನ್ನು ನೀವು ನೋಡಿರಬಹುದು. ಆ ಮಕ್ಕಳದ್ದೂ ಇದೇ ಕಥೆಯ ಇನ್ನೊಂದು ಕೊಂಬೆ. ಹಾಗಾಗಿ ಈಗ ಹೇಳಲಿರುವುದು ಸಿಕಲ್ ಸೆಲ್ ಇರುವ ಊರುಗಳಿಗೆ ಎಷ್ಟು ಸಲ್ಲುತ್ತದೋ ಹುಬ್ಬಳ್ಳಿ, ಗದಗ, ಹಾವೇರಿಗೂ ಅಷ್ಟೇ ಸಲ್ಲುತ್ತದೆ.

ನಮ್ಮಲ್ಲಿ ಅಕ್ಕನ ಮಗಳನ್ನು ತರುತ್ತೇವೆ, ಸೋದರಮಾವನ ಮಗಳನ್ನು ತರುತ್ತೇವೆ. ಆಸ್ತಿ ಒಡೆಯುವುದಿಲ್ಲ, ಮಗಳು ಕಣ್ಣೆದುರಿಗೆ ಇರುತ್ತಾಳೆ, ಬೀಗರು ಹೊಸಬರಲ್ಲ. ಇದರ ಹಿಂದಿನ ಪ್ರೀತಿ ನನಗೆ ಗೊತ್ತು. ಆದರೆ ಲೆಕ್ಕವನ್ನೂ ನೋಡಿ. ಹುಡುಗ ವಾಹಕ ಎಂದುಕೊಳ್ಳೋಣ, ಅವನ ತಾಯಿ ತಂದೆಯರಲ್ಲಿ ಒಬ್ಬರಿಂದ ಬಂದದ್ದು. ಅವನ ಅಕ್ಕನಿಗೂ ಅದು ಬಂದಿರುವ ಸಾಧ್ಯತೆ ಅರ್ಧ. ಅಕ್ಕನಿಂದ ಅವಳ ಮಗಳಿಗೆ ಬರುವುದು ಅದರಲ್ಲಿ ಅರ್ಧ. ಅಂದರೆ ಅಕ್ಕನ ಮಗಳು ವಾಹಕಿಯಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನ ಮಗಳಾದರೆ ಎಂಟರಲ್ಲಿ ಒಂದು. ಹೊರಗಿನ ಹುಡುಗಿಯಾದರೆ, ಆ ಜನರಲ್ಲಿ ನೂರಕ್ಕೆ ಒಬ್ಬರು ವಾಹಕರಿದ್ದರೆ, ನೂರರಲ್ಲಿ ಒಂದು. ನಾಲ್ಕರಲ್ಲಿ ಒಂದೆಲ್ಲಿ, ನೂರರಲ್ಲಿ ಒಂದೆಲ್ಲಿ! ಸಂಬಂಧದಲ್ಲಿ ಮದುವೆ ಮಾಡಲೇಬೇಕು ಎಂದಿದ್ದರೆ ಇಬ್ಬರ ರಕ್ತವನ್ನೂ ಮೊದಲು ಪರೀಕ್ಷೆ ಮಾಡಿಸಿ. ಜಾತಕ ನೋಡಿಸುವ ಹೊತ್ತಿನಲ್ಲೇ ಇದೂ ಆಗಿಬಿಡುತ್ತದೆ.

ಪರೀಕ್ಷೆ ಮಾಡಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಗ್ರೀಸ್ ದೇಶದ ಒರ್ಕೊಮೆನೋಸ್ ಎಂಬ ಊರಿನಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಸಿಕಲ್ ಜೀನ್ ವಾಹಕರು. ಅಲ್ಲೂ ಹಿರಿಯರೇ ಮದುವೆ ಕುದುರಿಸುತ್ತಿದ್ದರು, ನಮ್ಮ ಹಾಗೇ. ಎಲ್ಲರ ರಕ್ತ ಪರೀಕ್ಷಿಸಿ, ವಾಹಕರು ವಾಹಕರನ್ನು ಮದುವೆಯಾಗದಿದ್ದರೆ ಸಾಕು ಎಂದು ತಿಳಿಹೇಳಿದರು. ಕೆಲವು ವರ್ಷ ಬಿಟ್ಟು ನೋಡಿದರೆ ರೋಗದ ಮಕ್ಕಳು ಹುಟ್ಟುವುದು ಕಡಿಮೆಯಾಗಿರಲಿಲ್ಲ. ವಾಹಕರು ಎಂದು ಗೊತ್ತಾದವರಿಗೆ ಸಂಬಂಧ ತಪ್ಪಿದವು. ಕಳಂಕಕ್ಕೆ ಹೆದರಿ ಕೆಲವರು ಫಲಿತಾಂಶವನ್ನೇ ಮುಚ್ಚಿಟ್ಟು ಮದುವೆಯಾದರು. 1970ರ ದಶಕದಲ್ಲಿ ಇದು ವರದಿಯಾಯಿತು. ಅಮೆರಿಕದಲ್ಲೂ ಅದೇ ಕಾಲಕ್ಕೆ ಆರೋಗ್ಯವಾಗಿದ್ದ ಕಪ್ಪು ಜನರಿಗೆ ವಾಹಕರು ಎಂಬ ಒಂದೇ ಕಾರಣಕ್ಕೆ ಕೆಲಸ, ವಿಮೆ ಸಿಗದೆ ಹೋದವು.

ನಮ್ಮ ದೇಶದಲ್ಲಿ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಮಿಷನ್ ಶುರುವಾಯಿತು. 17 ರಾಜ್ಯಗಳು, ಅದರಲ್ಲಿ ಕರ್ನಾಟಕವೂ ಇದೆ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ರೋಗ ನಿರ್ಮೂಲನೆಯ ಗುರಿ. ಒಳ್ಳೆಯ ಕೆಲಸ. ಆದರೆ ಒರ್ಕೊಮೆನೋಸ್‌ನಲ್ಲಿ ಆದದ್ದು ನಮ್ಮಲ್ಲಿ ಆಗಬಾರದು ಎಂದರೆ ಪರೀಕ್ಷೆಯ ಫಲಿತಾಂಶದ ಕಾರ್ಡು ಕೈಗೆ ಕೊಡುವ ಮುಂಚೆ ಮಾತಾಡಬೇಕು. ಆಶಾ ಅಕ್ಕಂದಿರೇ, ನೀವೇ ಮಾಡಬೇಕಾದ ಕೆಲಸ ಇದು. ‘ನಿಮ್ಮ ಮನೆತನದಲ್ಲಿ ದೋಷ ಇದೆ’ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ‘ನಿಮ್ಮ ಹಿರಿಯರು ಇದರಿಂದಲೇ ಮಲೇರಿಯಾದಿಂದ ಉಳಿದರು, ನೀವು ಆರೋಗ್ಯವಾಗಿದ್ದೀರಿ, ಮದುವೆಗೆ ಮುಂಚೆ ಎದುರಿನವರ ರಕ್ತವನ್ನೂ ನೋಡಿಸಿದರೆ ಸಾಕು’ ಎಂದು ಹೇಳಿ. ಎರಡೂ ಒಂದೇ ಜೀನಿನ ಮಾತು. ಕೇಳಿದವರು ಮನೆಗೆ ಹೋಗಿ ಮಲಗುವಾಗ ಮಾತ್ರ ಬೇರೆ ಬೇರೆ ಥರ ಇರುತ್ತದೆ.

ಚಿಕಿತ್ಸೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ರೋಗ ಇರುವ ಮಗುವಿಗೆ ಬೇಗ ಗೊತ್ತಾದರೆ ಪೆನ್ಸಿಲಿನ್, ಲಸಿಕೆ, ಫೋಲಿಕ್ ಆಮ್ಲ. ಸಾಕಷ್ಟು ನೀರು. ಚಳಿಗೆ ಬೆಚ್ಚಗಿಡಬೇಕು, ಡಿಸೆಂಬರಿನ ಧಾರವಾಡದಲ್ಲಂತೂ. ಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಅವತ್ತೇ ಆಸ್ಪತ್ರೆಗೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ, ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಹೊಂದುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವುದೂ ಇದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಕ್ರಿಸ್ಪರ್ ಜೀನ್ ತಿದ್ದುಪಡಿಯ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಅದು ಸಿಕಲ್ ಜೀನನ್ನು ಮುಟ್ಟುವುದಿಲ್ಲ. ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ ತಯಾರಿಯನ್ನು ನಿಲ್ಲಿಸುವ ಒಂದು ಸ್ವಿಚ್ ಇದೆ, ಅದನ್ನೇ ತೆಗೆದುಹಾಕುತ್ತದೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಕಲಘಟಗಿಯ ಒಬ್ಬ ಕೂಲಿಕಾರನ ಮಗುವಿಗೆ ಅದು ಎಂದಾದರೂ ಸಿಗಬೇಕಾದರೆ ಆ ಸಂಶೋಧನೆ ನಮ್ಮ ದೇಶದಲ್ಲೇ, ನಮ್ಮ ಮಕ್ಕಳ ಕೈಯಲ್ಲೇ ಆಗಬೇಕು. ಮುಂದಿನ ಸಾಲಿನಲ್ಲಿ ಕೂತಿರುವ ಪಿಯು ಮಕ್ಕಳೇ, ನಿಮ್ಮನ್ನೇ ನೋಡಿ ಹೇಳುತ್ತಿದ್ದೇನೆ.

ಪರೀಕ್ಷೆಯಲ್ಲಿ ಎರಡು ಹಂತ. ಮೊದಲು ಕರಗುವಿಕೆ ಪರೀಕ್ಷೆ, ಬೆರಳಿನ ಒಂದೆರಡು ಹನಿ ರಕ್ತ ಸಾಕು. ಅದು ಸಿಕಲ್ ಹಿಮೋಗ್ಲೋಬಿನ್ ಇದೆ ಎಂದು ಹೇಳುತ್ತದೆ, ಆದರೆ ವಾಹಕರೋ ರೋಗಿಯೋ ಎಂದು ಹೇಳುವುದಿಲ್ಲ. ಥಲಸ್ಸೀಮಿಯಾವನ್ನಂತೂ ಹಿಡಿಯುವುದೇ ಇಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅದು ಬೇರ್ಪಡಿಸಿ ಅಳೆಯುತ್ತದೆ. ಮದುವೆಗೆ ಮುಂಚೆ ಕೇಳಬೇಕಾದದ್ದು ಅದನ್ನೇ. ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ. ಮದುವೆಯಾಗಿ ಬಸುರಿಯಾದ ಮೇಲೆ ಇಬ್ಬರೂ ವಾಹಕರು ಎಂದು ಗೊತ್ತಾದರೂ ದಾರಿ ಮುಚ್ಚಿಲ್ಲ. ಮೂರು ತಿಂಗಳ ಸುಮಾರಿಗೇ ಭ್ರೂಣದ ಪರೀಕ್ಷೆ ಸಾಧ್ಯ. ತಡಮಾಡದೆ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ವಿಚಾರಿಸಿ.

ಇನ್ನು ನಿಮ್ಮ ಪ್ರಶ್ನೆಗಳು. ಮನೆಯ ವಿಷಯ, ಮದುವೆಯ ವಿಷಯ ಎಲ್ಲರ ಮುಂದೆ ಕೇಳಲು ಸಂಕೋಚ ಇದ್ದರೆ ಚೀಟಿಯಲ್ಲಿ ಬರೆದು ಕಳಿಸಿ. ಹೆಸರು ಹಾಕಬೇಡಿ. ನಾನು ಓದಿ ಉತ್ತರ ಹೇಳುತ್ತೇನೆ.